ಎಸ್ಪ್ರೆಸೊ ಮಷಿನ್‌ಗೆ ತಾನಾಗಿಯೇ ಓಡುವ ಶಾಟ್ ಟೈಮರ್: ಮೇನ್ಸ್ ವೈರ್ ಮುಟ್ಟದೆ ಕೂರಿಸುವ ಬಗೆ

ಒಂದು ಶಾಟ್, ಅಂದರೆ ಒಂದು ಸಲ ಎಳೆಯುವ ಎಸ್ಪ್ರೆಸೊ: 18 ಗ್ರಾಂ ಪುಡಿ, 36 ಗ್ರಾಂ ಎಸ್ಪ್ರೆಸೊ, 25ರಿಂದ 30 ಸೆಕೆಂಡ್. ಮನೆಯಲ್ಲಿ ಎಸ್ಪ್ರೆಸೊ ಮಾಡುವವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಗ್ರಾಂಗಳನ್ನು ತಕ್ಕಡಿ ನೋಡಿಕೊಳ್ಳುತ್ತದೆ. ಎಡವಟ್ಟಾಗುವುದು ಸೆಕೆಂಡುಗಳ ವಿಷಯದಲ್ಲಿ. ಬ್ರೂ ಸ್ವಿಚ್ (ಪಂಪ್ ಓಡಿಸುವುದು) ಒತ್ತಿದಾಗಲೇ ಫೋನಿನ ಸ್ಟಾಪ್‌ವಾಚನ್ನೂ ಒತ್ತಬೇಕು, ನಿಲ್ಲಿಸುವಾಗ ಮತ್ತೆ ಎರಡನ್ನೂ ಒಟ್ಟಿಗೇ. ಒಂದೆರಡು ಸೆಕೆಂಡ್ ಆಚೀಚೆ ಆಗಿಯೇ ಆಗುತ್ತದೆ. ಗ್ರೈಂಡರನ್ನು ಸ್ವಲ್ಪ ತಿರುಗಿಸಿದ್ದರಿಂದ ಬರುವ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಬದಲಾಗಿದ್ದು ಕಾಫಿಯೋ ನಮ್ಮ ಬೆರಳೋ ಎಂದು ತಿಳಿಯುವುದಿಲ್ಲ.

ಪಂಪ್ ಓಡಿದ ಕೂಡಲೇ ಶುರುವಾಗಿ, ನಿಂತ ಕೂಡಲೇ ನಿಲ್ಲುವ ಟೈಮರೊಂದನ್ನು ಒಂದು ಭಾನುವಾರದ ಮಧ್ಯಾಹ್ನದಲ್ಲಿ ಕೂರಿಸಬಹುದು. ಸಾಮಾನಿನ ಖರ್ಚು ಸಾವಿರ ರೂಪಾಯಿ ದಾಟುವುದು ಕಷ್ಟ. ಇಲ್ಲಿ ವಿವರಿಸಿರುವುದು ಗಾಜಿಯಾ ಕ್ಲಾಸಿಕ್ ಮಷಿನ್ನಿಗೆ. ವೈಬ್ರೇಷನ್ ಪಂಪ್ ಇರುವ ಬೇರೆ ಮಷಿನ್‌ಗಳಿಗೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ನಡೆಯುತ್ತದೆ.

ಪಂಪ್ ಓಡುತ್ತಿದೆ ಎಂದು ಟೈಮರ್‌ಗೆ ಗೊತ್ತಾಗುವುದು ಹೇಗೆ

ಈ ಮಷಿನ್‌ಗಳ ಪಂಪಿನಲ್ಲಿ ತಿರುಗುವ ಮೋಟಾರ್ ಇರುವುದಿಲ್ಲ. ತಾಮ್ರದ ಸುರುಳಿಯ ನಡುವೆ ಸ್ಪ್ರಿಂಗಿಗೆ ಕೂರಿಸಿದ ಒಂದು ಪಿಸ್ಟನ್ ಇರುತ್ತದೆ. ಸುರುಳಿಯ ಜೊತೆ ಸಾಲಿನಲ್ಲಿ ಒಂದು ಡಯೋಡ್ ಇರುವುದರಿಂದ ಎ.ಸಿ.ಯ ಅರ್ಧ ಅಲೆ ಮಾತ್ರ ಒಳಗೆ ಹೋಗುತ್ತದೆ. ಆ ಅರ್ಧದಲ್ಲಿ ಕಾಂತಕ್ಷೇತ್ರ ಪಿಸ್ಟನ್ನನ್ನು ಎಳೆದು ಸ್ಪ್ರಿಂಗನ್ನು ಅಮುಕುತ್ತದೆ, ಉಳಿದರ್ಧದಲ್ಲಿ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳಿ ನೀರು ನೂಕುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಬ್ರೂ ಸ್ವಿಚ್ ಹಾಕಿದಾಗ ಕೇಳುವ ಗುಂಯ್ ಸದ್ದು ಇದೇ.

ಸುರುಳಿಯ ಕಾಂತಕ್ಷೇತ್ರ ಪಂಪಿನ ಹೊರಗೂ ಒಂದೆರಡು ಸೆಂಟಿಮೀಟರ್ ಸೋರುತ್ತದೆ. ಅಲ್ಲೊಂದು ರೀಡ್ ಸ್ವಿಚ್ ಇಟ್ಟರೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಅದು ಮುಚ್ಚಿ ತೆರೆಯುತ್ತದೆ. ಗಾಜಿನ ಕೊಳವೆಯೊಳಗೆ ಎರಡು ಕಬ್ಬಿಣದ ಎಳೆಗಳು, ಕಾಂತ ಬಂದಾಗ ಅಂಟುತ್ತವೆ, ಹೋದಾಗ ಬಿಡುತ್ತವೆ. ರೀಡ್ ಸ್ವಿಚ್ ಎಂದರೆ ಅಷ್ಟೇ. ಒಂದೊಂದು ಸಲ ಮುಚ್ಚಿ ತೆರೆದದ್ದೂ ಒಂದು ಪಲ್ಸ್. ಈ ಪಲ್ಸ್‌ಗಳು ಬರುತ್ತಿರುವಷ್ಟು ಹೊತ್ತು ಪಂಪ್ ಓಡುತ್ತಿದೆ ಎಂದರ್ಥ. 230 ವೋಲ್ಟಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ, ಸುಲಿಯಬೇಕಿಲ್ಲ.

ಬೇರೆ ದಾರಿಗಳೂ ಇವೆ, ಆದರೆ ಒಂದೊಂದಕ್ಕೂ ಒಂದೊಂದು ತೊಡಕು. ಪ್ಲಗ್ಗಿನಲ್ಲೇ ಕರೆಂಟ್ ಅಳೆಯೋಣವೆಂದರೆ, ಹೀಟರ್ ಸುಮಾರು 1,400 ವ್ಯಾಟ್, ಪಂಪ್ 48 ವ್ಯಾಟ್. ಹೀಟರ್ ತನ್ನಷ್ಟಕ್ಕೆ ಆನ್ ಆಫ್ ಆಗುತ್ತಿರುವಾಗ 6 ಆಂಪಿಯರ್ ನಡುವೆ ಪಂಪಿನ 0.2 ಆಂಪಿಯರ್ ಹುಡುಕುವುದು ಬೇಡದ ಕೆಲಸ. ನಡುಕ ಹಿಡಿಯುವ ಸೆನ್ಸರ್ ಅದೇ ಕಟ್ಟೆಯ ಮೇಲಿನ ಗ್ರೈಂಡರಿಗೂ ಮಿಕ್ಸಿಗೂ ಎಚ್ಚರಗೊಳ್ಳುತ್ತದೆ. ಪಂಪಿನ ಟರ್ಮಿನಲ್‌ಗೇ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ) ಮಾಡ್ಯೂಲ್ ಜೋಡಿಸಿದರೆ ಕೆಲಸವೇನೋ ಅಚ್ಚುಕಟ್ಟು. ಆದರೆ ನೀರು, ಹಬೆ, 230 ವೋಲ್ಟ್ ಮೂರೂ ಒಂದೇ ಡಬ್ಬದಲ್ಲಿರುವ ಕಡೆ ಹೊಸ ಮೇನ್ಸ್ ಜೋಡಣೆ ಮಾಡುವುದು ಅನುಭವವಿಲ್ಲದವರಿಗೆ ತಕ್ಕದ್ದಲ್ಲ. ಕಾಂತಕ್ಷೇತ್ರ ಗುರುತಿಸುವ ಹಾಲ್ (Hall) ಸೆನ್ಸರಿನಿಂದಲೂ ಆಗುತ್ತದೆ. ಆದರೆ ಎ3144 ತರಹದ್ದು ಕಾಂತದ ಒಂದೇ ಧ್ರುವಕ್ಕೆ ಸ್ಪಂದಿಸುತ್ತದೆ, ಈ ಸುರುಳಿಯ ಕ್ಷೇತ್ರವೋ ಒಂದೇ ದಿಕ್ಕಿನದು. ತಿರುಗುಮುರುಗಾಗಿ ಅಂಟಿಸಿದರೆ ಪಿಟ್ಟೆನ್ನುವುದಿಲ್ಲ. ರೀಡ್ ಸ್ವಿಚ್‌ಗೆ ಧ್ರುವದ ಹಂಗಿಲ್ಲ.

ಬೇಕಾದ ಸಾಮಾನು

- 14 ಮಿ.ಮೀ. ಉದ್ದದ ಗಾಜಿನ ರೀಡ್ ಸ್ವಿಚ್, ನಾರ್ಮಲಿ ಓಪನ್ (ಕಾಂತವಿಲ್ಲದಾಗ ತೆರೆದಿರುವ) ಬಗೆಯದು. ಒಂದು ಸಾಕು, ಮೂರು ತನ್ನಿ, ಒಂದಾದರೂ ಒಡೆಯುತ್ತದೆ.
- ಇಎಸ್‌ಪಿ8266 ಚಿಪ್ ಇರುವ ಡಿ1 ಮಿನಿ ಬೋರ್ಡ್, ಪ್ರೋಗ್ರಾಮ್ ಓಡಿಸಲು. ಆರ್ಡುಯಿನೊ ನ್ಯಾನೊ ಇದ್ದರೆ ಅದೂ ಆಗುತ್ತದೆ.
- 0.96 ಇಂಚಿನ ಓಎಲ್‌ಇಡಿ ಡಿಸ್‌ಪ್ಲೇ, ಎಸ್‌ಎಸ್‌ಡಿ1306 ಚಿಪ್, ನಾಲ್ಕು ಪಿನ್ನಿನ ಐ2ಸಿ (ಎರಡು ವೈರಿನಲ್ಲಿ ಮಾಹಿತಿ ಕಳಿಸುವ ಬಗೆ).
- 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್ ಒಂದೊಂದು, 10 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಒಂದು.
- ಸಿಲಿಕೋನ್ ಹೊದಿಕೆಯ ತೆಳು ವೈರ್ ಒಂದು ಮೀಟರ್, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯುವುದು), ಕ್ಯಾಪ್ಟನ್ (Kapton, ಬಿಸಿ ತಡೆಯುವ) ಟೇಪ್, ಕೇಬಲ್ ಟೈ.
- 5 ವೋಲ್ಟಿನ ಹಳೇ ಫೋನ್ ಚಾರ್ಜರ್.

ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಒಂದೇ ಓಣಿಯಲ್ಲಿ ಸಿಗುತ್ತದೆ, ಉಳಿದವರು ಆನ್‌ಲೈನ್ ತರಿಸಿಕೊಳ್ಳಬಹುದು. ಅಂಗಡಿಯಲ್ಲಿ ಡಿಸ್‌ಪ್ಲೇ ಕೊಳ್ಳುವಾಗ ಎರಡು ವಿಷಯ ಕೇಳಿ. 1.3 ಇಂಚಿನದಾದರೆ ಚಿಪ್ ಸಾಮಾನ್ಯವಾಗಿ ಎಸ್‌ಎಚ್1106. ಅದಕ್ಕೆ 1306ರ ಡ್ರೈವರ್ ಹಾಕಿದರೆ ಚಿತ್ರ ಎರಡು ಚುಕ್ಕೆ ಪಕ್ಕಕ್ಕೆ ಸರಿದು ಅಂಚಿನಲ್ಲಿ ಕಸ ಕಾಣುತ್ತದೆ. ಎರಡನೆಯದು ಪಿನ್ನಿನ ಕ್ರಮ. ಕೆಲವು ಬೋರ್ಡುಗಳಲ್ಲಿ ಮೊದಲ ಪಿನ್ ಗ್ರೌಂಡ್, ಕೆಲವದರಲ್ಲಿ ವಿಸಿಸಿ (ಪವರ್). ನೋಡಲು ಎರಡೂ ಒಂದೇ ಥರ. ಮೇಲೆ ಅಚ್ಚಾದದ್ದನ್ನು ಓದದೆ ವೈರ್ ಹಾಕಿದರೆ ಡಿಸ್‌ಪ್ಲೇ ಅಲ್ಲೇ ಸುಡುತ್ತದೆ.

ಬಿಚ್ಚುವ ಮೊದಲು

ಫೋನಿನಲ್ಲಿ ಕಾಂತಕ್ಷೇತ್ರ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಮಷಿನ್‌ನ ಪಕ್ಕ, ಹಿಂಭಾಗಗಳಲ್ಲಿ ಫೋನ್ ಹಿಡಿದು ಬ್ರೂ ಸ್ವಿಚ್ ಎರಡು ಸೆಕೆಂಡ್ ಹಾಕಿ ತೆಗೆಯಿರಿ. ಅರ್ಧ ಅಲೆಯ ಕರೆಂಟ್ ಒಂದೇ ದಿಕ್ಕಿನದಾದ್ದರಿಂದ ಪಂಪ್ ಹತ್ತಿರವಿರುವ ಕಡೆ ಅಂಕಿ ಜಿಗಿಯುತ್ತದೆ. ಪ್ಲಾಸ್ಟಿಕ್ ಮೈಯ ಮಷಿನ್ ಆಗಿದ್ದರೆ ರೀಡ್ ಸ್ವಿಚ್ಚನ್ನು ಹೊರಗಿನಿಂದಲೇ ಅಂಟಿಸಿ ನೋಡಿ; ಕೆಲಸ ಮಾಡಿದರೆ ಮುಂದಿನ ಭಾಗವನ್ನು ಬಿಟ್ಟು ನೇರ ವೈರಿಂಗ್‌ಗೆ ಹೋಗಬಹುದು, ವಾರಂಟಿಯೂ ಉಳಿಯುತ್ತದೆ. ಗಾಜಿಯಾದ ಉಕ್ಕಿನ ಮೈ ಕಾಂತವನ್ನು ತಡೆಯುವುದರಿಂದ ಒಳಗೇ ಹೋಗಬೇಕು.

ಒಳಗೆ ಕೂರಿಸುವುದು

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದಲೇ ಕೀಳಬೇಕು. ಹಬೆಯ ನಾಬ್ ತೆರೆದು ಒತ್ತಡ ಬಿಟ್ಟು ಒಂದು ಗಂಟೆ ತಣ್ಣಗಾಗಲು ಬಿಡಿ. ಇದರ ಬ್ರೂ ಥರ್ಮೋಸ್ಟಾಟ್ 107, ಸ್ಟೀಮ್ ಥರ್ಮೋಸ್ಟಾಟ್ 145 ಡಿಗ್ರಿಯದು. ಬಾಯ್ಲರ್ ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ನೀರಿನ ಟ್ಯಾಂಕ್ ಹೊರಗೆ ತೆಗೆಯಿರಿ.

ಮುಚ್ಚಳದ ಹಿಂಭಾಗದ ಎರಡು ಸ್ಕ್ರೂ ಬಿಚ್ಚಿ ನಿಧಾನಕ್ಕೆ ಮೇಲೆತ್ತಿ. ಮುಚ್ಚಳಕ್ಕೆ ಹಸಿರು-ಹಳದಿ ಅರ್ತ್ ವೈರ್ ಇದ್ದರೆ ಜಗ್ಗಬೇಡಿ. ಅದನ್ನು ಕಳಚಿದ್ದರೆ ಮುಚ್ಚುವಾಗ ಮರೆಯದೆ ಹಾಕಿ. ಟ್ಯಾಂಕಿಗೆ ಇಳಿಬಿದ್ದ ಎರಡು ಸಿಲಿಕೋನ್ ಪೈಪುಗಳಲ್ಲಿ ಒಂದು ನೀರೆಳೆಯುವುದು, ಇನ್ನೊಂದು ಹೆಚ್ಚಾದ ಒತ್ತಡದ ನೀರನ್ನು ವಾಪಸ್ ಬಿಡುವುದು. ಎಳೆಯುವ ಪೈಪಿನ ಜಾಡು ಹಿಡಿದು ಹೋದರೆ ಪಂಪ್ ಸಿಗುತ್ತದೆ: ಒಂದು ತುದಿಯಲ್ಲಿ ಪ್ಲಾಸ್ಟಿಕ್ ಮೂತಿ, ನಡುವೆ ಸುರುಳಿ, ಸುತ್ತ ಉಕ್ಕಿನ ಚೌಕಟ್ಟು, ರಬ್ಬರ್ ಹಿಡಿಕೆಯಲ್ಲಿ ತೂಗುತ್ತಿರುತ್ತದೆ.

ಈಗ ರೀಡ್ ಸ್ವಿಚ್. ಇದರ ಕಾಲು ಬಗ್ಗಿಸುವುದರಲ್ಲೇ ಹೆಚ್ಚಿನವರು ಸೋಲುವುದು. ಗಾಜಿನ ಬುಡದಲ್ಲಿ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ತೇವ ಒಳಗೆ ಸೇರಿ ಕೆಲವು ವಾರಗಳಲ್ಲಿ ಕೈಕೊಡುತ್ತದೆ. ಗಾಜಿನಿಂದ 3 ಮಿ.ಮೀ. ಬಿಟ್ಟು ಚೂಪು ಮೂತಿಯ ಪ್ಲೈಯರ್‌ನಲ್ಲಿ ಕಾಲನ್ನು ಗಟ್ಟಿಯಾಗಿ ಹಿಡಿದು, ಪ್ಲೈಯರ್‌ನ ಆಚೆ ಬದಿಯಲ್ಲಿ ಬೆರಳಿನಿಂದ ಬಗ್ಗಿಸಿ. ಸೋಲ್ಡರ್ ಮಾಡುವಾಗಲೂ ಪ್ಲೈಯರ್ ಹಾಗೇ ಹಿಡಿದಿರಲಿ, ಬಿಸಿ ಗಾಜಿಗೆ ಹೋಗದು. ಎರಡೂ ಕಾಲಿಗೆ ಸಿಲಿಕೋನ್ ವೈರ್ ಬೆಸೆದು, ಪೂರ್ತಿ ಸ್ವಿಚ್ಚಿನ ಮೇಲೆ ಹೀಟ್ ಶ್ರಿಂಕ್ ಹಾಕಿ. ಲೋಹ ಎಲ್ಲೂ ಕಾಣಬಾರದು. ಸಾಮಾನ್ಯ ಪಿವಿಸಿ ವೈರ್ ಬಾಯ್ಲರ್ ಪಕ್ಕದ ಬಿಸಿಗೆ ಮೆತ್ತಗಾಗುತ್ತದೆ, ಹಾಟ್ ಗ್ಲೂ ಅಂತೂ ಕರಗಿ ಇಳಿಯುತ್ತದೆ.

ಸ್ವಿಚ್ಚನ್ನು ಸುರುಳಿಯ ಪ್ಲಾಸ್ಟಿಕ್ ಕಾಣುವ ಬದಿಗೆ, ಪಂಪಿನ ಉದ್ದಕ್ಕೆ ಸಮಾನಾಂತರವಾಗಿ ಕ್ಯಾಪ್ಟನ್ ಟೇಪಿನಿಂದ ಅಂಟಿಸಿ. ಅಡ್ಡಡ್ಡ ಇಟ್ಟರೆ ಎಳೆಗಳ ಉದ್ದಕ್ಕೆ ಕ್ಷೇತ್ರ ಹರಿಯದೆ ಮುಚ್ಚುವುದೇ ಇಲ್ಲ. ಉಕ್ಕಿನ ಚೌಕಟ್ಟಿನ ಮೇಲೂ ಬೇಡ, ಕಾಂತ ಅದರೊಳಗೇ ಹರಿದುಹೋಗುತ್ತದೆ. ಟೇಪಿನ ಮೇಲೊಂದು ಕೇಬಲ್ ಟೈ ಬಿಗಿಯಿರಿ, ಆದರೆ ಪಂಪನ್ನು ಮಷಿನ್‌ನ ಮೈಗೆ ಸೇರಿಸಿ ಕಟ್ಟಬೇಡಿ. ರಬ್ಬರ್ ಹಿಡಿಕೆ ತಡೆಯುತ್ತಿದ್ದ ನಡುಕವೆಲ್ಲ ತಗಡಿಗೆ ಬಂದು ಅಡುಗೆಮನೆ ತುಂಬ ಸದ್ದಾಗುತ್ತದೆ.

ವೈರನ್ನು ಬಾಯ್ಲರಿನಿಂದಲೂ ಮೇನ್ಸ್ ಟರ್ಮಿನಲ್‌ಗಳಿಂದಲೂ ದೂರವಿಟ್ಟು ಹಿಂಭಾಗದಿಂದ ಹೊರತನ್ನಿ. ಹತ್ತಿರ ಹಾಯಲೇಬೇಕಾದ ಜಾಗದಲ್ಲಿ ಫೈಬರ್‌ಗ್ಲಾಸ್ ಸ್ಲೀವ್ ಹಾಕಿ, ಎರಡು ಮೂರು ಕಡೆ ಕಟ್ಟಿ. ಸಡಿಲವಾಗಿ ಬಿಟ್ಟ ವೈರ್ ನಡುಕಕ್ಕೆ ಸರಿಯುತ್ತಾ ಹೋಗಿ ಎಲ್ಲಿ ಕೂರುತ್ತದೋ ಹೇಳಲಾಗದು. ಹೊರಗೆ ಬರುವುದು ಈ ಎರಡು ವೈರ್ ಮಾತ್ರ. ಬೋರ್ಡ್, ಡಿಸ್‌ಪ್ಲೇ, ಚಾರ್ಜರ್ ಎಲ್ಲವೂ ಹೊರಗೇ ಇರಲಿ. ಮಷಿನ್ ಒಳಗಿನಿಂದ ಕರೆಂಟ್ ಕದಿಯುವ ಆಸೆ ಬೇಡ.

ಮುಚ್ಚಳ ಹಾಕಿ, ಟ್ಯಾಂಕ್ ತುಂಬಿ, ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು ಎರಡು ವೈರಿಗೆ ಹಿಡಿದು ಪಂಪ್ ಓಡಿಸಿ. ಒಡೆದೊಡೆದ ಬೀಪ್ ಕೇಳಿದರೆ ಆಯಿತು. ನಿಮ್ಮ ಮೀಟರಿನ ಬೀಪ್ ಇಷ್ಟು ಬೇಗ ಸ್ಪಂದಿಸದಿದ್ದರೆ ಓಮ್ ಅಳತೆಯಲ್ಲಿ ಅಂಕಿ ಕುಣಿಯುವುದಾದರೂ ಕಾಣುತ್ತದೆ. ಪರೀಕ್ಷೆಯ ಭರದಲ್ಲಿ ಟ್ಯಾಂಕ್ ಖಾಲಿ ಮಾಡಿ ಪಂಪನ್ನು ಒಣಗಿಸಬೇಡಿ. ಈ ಪಂಪುಗಳ ಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ವಿರಾಮ ಎಂದು ಬರೆದಿರುತ್ತದೆ, ಅದನ್ನು ಪಾಲಿಸಿ.

ವೈರಿಂಗ್

ಡಿಸ್‌ಪ್ಲೇಯ ಎಸ್‌ಸಿಎಲ್ ಪಿನ್ ಬೋರ್ಡಿನ ಡಿ1ಕ್ಕೆ, ಎಸ್‌ಡಿಎ ಡಿ2ಕ್ಕೆ, ವಿಸಿಸಿ 3.3 ವೋಲ್ಟಿಗೆ, ಗ್ರೌಂಡ್ ಗ್ರೌಂಡಿಗೆ. ರೀಡ್ ಸ್ವಿಚ್ಚಿನ ಒಂದು ವೈರ್ ಗ್ರೌಂಡಿಗೆ, ಇನ್ನೊಂದು 100 ಓಮ್ ಮೂಲಕ ಡಿ5ಕ್ಕೆ. ಡಿ5ರಿಂದ 3.3 ವೋಲ್ಟಿಗೆ 10 ಕಿಲೋಓಮ್, ಡಿ5ರಿಂದ ಗ್ರೌಂಡಿಗೆ ಕೆಪ್ಯಾಸಿಟರ್. ಪಿನ್ನನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ಚಿಪ್ಪಿನೊಳಗಿನ ಪುಲ್‌ಅಪ್ ದುರ್ಬಲ. ಉದ್ದದ ವೈರ್ ಮೇನ್ಸ್ ಗದ್ದಲವನ್ನು ಹಿಡಿದು ತರುತ್ತದೆ, ಹೊರಗಿನ 10 ಕಿಲೋಓಮ್ ಅದನ್ನು ಹತೋಟಿಯಲ್ಲಿಡುತ್ತದೆ. 100 ಓಮ್ ಇರುವುದು ಕೆಪ್ಯಾಸಿಟರ್ ಒಮ್ಮೆಲೇ ಖಾಲಿಯಾಗಿ ರೀಡಿನ ತುದಿಗಳು ಅಂಟಿಕೊಳ್ಳದಿರಲಿ ಎಂದು.

ಡಿ3, ಡಿ4, ಡಿ8 ಪಿನ್‌ಗಳನ್ನು ರೀಡಿಗೆ ಬಳಸಬೇಡಿ. ಬೋರ್ಡ್ ಎದ್ದೇಳುವಾಗ ಅವುಗಳ ಸ್ಥಿತಿ ನೋಡಿಯೇ ಮುಂದಿನದನ್ನು ನಿರ್ಧರಿಸುತ್ತದೆ. ನ್ಯಾನೊದಲ್ಲಾದರೆ ಎಸ್‌ಡಿಎ ಎ4, ಎಸ್‌ಸಿಎಲ್ ಎ5, ರೀಡ್ ಡಿ2. ಪುಲ್‌ಅಪ್ ರೆಸಿಸ್ಟರ್ 5 ವೋಲ್ಟಿಗೆ.

ರೀಡ್ ಸವೆದುಹೋಗುವುದೇ ಎಂಬ ಪ್ರಶ್ನೆ ಸಹಜ. 30 ಸೆಕೆಂಡಿನ ಒಂದು ಶಾಟ್‌ಗೆ 1,500 ಸಲ, ದಿನಕ್ಕೆ ನಾಲ್ಕು ಶಾಟ್ ಎಂದರೆ ವರ್ಷಕ್ಕೆ ಸುಮಾರು 22 ಲಕ್ಷ ಸಲ ಮುಚ್ಚುತ್ತದೆ. ಇಲ್ಲಿ ಹರಿಯುವುದು ಮಿಲಿಆಂಪಿಯರಿನ ಮೂರನೇ ಒಂದು ಭಾಗ. ಇಷ್ಟು ಸಣ್ಣ ಹೊರೆಗೆ ಒಳ್ಳೆಯ ರೀಡುಗಳ ಆಯುಸ್ಸು ಕೋಟಿಗಳ ಲೆಕ್ಕದಲ್ಲಿರುತ್ತದೆ.

ಪ್ರೋಗ್ರಾಮಿನ ತರ್ಕ

ಪಿನ್ನನ್ನು ಮುಖ್ಯ ಲೂಪಿನಲ್ಲಿ ಓದುತ್ತಾ ಕೂತರೆ ಆಗದು. ಡಿಸ್‌ಪ್ಲೇಗೆ ಒಂದು ಪೂರ್ತಿ ಪರದೆ ಕಳಿಸಲು 400 ಕಿಲೋಹರ್ಟ್ಸ್‌ನಲ್ಲಿ ಸುಮಾರು 25 ಮಿಲಿಸೆಕೆಂಡ್, 100 ಕಿಲೋಹರ್ಟ್ಸ್‌ನಲ್ಲಿ 90ಕ್ಕಿಂತ ಹೆಚ್ಚು. ಅಷ್ಟರಲ್ಲಿ ಒಂದರಿಂದ ನಾಲ್ಕು ಪಲ್ಸ್ ದಾಟಿಹೋಗಿರುತ್ತವೆ. ಆದ್ದರಿಂದ ಇಂಟರಪ್ಟ್ ಬಳಸಿ. ಪಿನ್ ಕೆಳಗಿಳಿದಾಗಲೆಲ್ಲ ಒಂದು ಸಣ್ಣ ಫಂಕ್ಷನ್ ಓಡಿ, ಹಿಂದಿನ ಪಲ್ಸ್‌ನಿಂದ 5 ಮಿಲಿಸೆಕೆಂಡ್ ಆಗಿಲ್ಲದಿದ್ದರೆ ಕಡೆಗಣಿಸಬೇಕು (ರೀಡ್ ಮುಚ್ಚುವಾಗ ಪುಟಿಯುತ್ತದೆ), ಆಗಿದ್ದರೆ ಸಮಯವನ್ನು ಬರೆದಿಟ್ಟು ಎಣಿಕೆ ಒಂದು ಏರಿಸಬೇಕು. ಇಎಸ್‌ಪಿ8266ರಲ್ಲಿ ಈ ಫಂಕ್ಷನ್ನಿಗೆ ಐರ್‍ಯಾಮ್ (IRAM, ಚಿಪ್ಪಿನೊಳಗಿನ ಮೆಮರಿಯಲ್ಲೇ ಇರಲಿ ಎಂಬ) ಗುರುತು ಹಾಕದಿದ್ದರೆ ಬೋರ್ಡ್ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಹಂಚಿಕೊಳ್ಳುವ ವೇರಿಯಬಲ್‌ಗಳು ವೊಲಟೈಲ್ (ಪ್ರತಿ ಸಲ ಮೆಮರಿಯಿಂದಲೇ ಹೊಸದಾಗಿ ಓದಬೇಕಾದವು) ಆಗಿರಲಿ.

ಮುಖ್ಯ ಲೂಪಿನ ಕೆಲಸ ಹೀಗೆ:

1. ಅರ್ಧ ಸೆಕೆಂಡಿಗಿಂತ ಹೆಚ್ಚು ಮೌನದ ನಂತರ ಬಂದ ಪಲ್ಸ್‌ನ ಸಮಯವನ್ನು ಆರಂಭ ಎಂದು ಇಟ್ಟುಕೊಳ್ಳಿ, ಆದರೆ ಇನ್ನೂ ನಂಬಬೇಡಿ.
2. ಅಲ್ಲಿಂದ 300 ಮಿಲಿಸೆಕೆಂಡಿನಲ್ಲಿ ಕನಿಷ್ಠ 10 ಪಲ್ಸ್ ಬಂದರೆ (ಬರಬೇಕಾದ್ದು 15) ಟೈಮರ್ ಶುರು. ಬಾರದಿದ್ದರೆ ಅದು ಫ್ರಿಜ್ ಸ್ವಿಚ್ಚಿನ ಕಿಡಿ ಇರಬೇಕು, ಮರೆತುಬಿಡಿ. ತೋರಿಸುವ ಸಮಯ ಮೊದಲ ಪಲ್ಸ್‌ನಿಂದಲೇ ಇರಲಿ.
3. ಕೊನೆಯ ಪಲ್ಸ್ ಆಗಿ 500 ಮಿಲಿಸೆಕೆಂಡ್ ಕಳೆದರೆ ಪಂಪ್ ನಿಂತಿದೆ. ಅಂತಿಮ ಸಮಯ ಎಂದರೆ ಕೊನೆಯ ಪಲ್ಸ್‌ನಿಂದ ಮೊದಲ ಪಲ್ಸ್ ಕಳೆದದ್ದು. ಕಾಯ್ದ ಅರ್ಧ ಸೆಕೆಂಡನ್ನು ಸೇರಿಸಬೇಡಿ.
4. ಒಟ್ಟು 8 ಸೆಕೆಂಡ್ ಮುಟ್ಟದಿದ್ದರೆ ಅದು ಗ್ರೂಪ್ (ಬಿಸಿನೀರು ಹೊರಬರುವ ತಲೆ) ತೊಳೆದದ್ದು. ಹಿಂದಿನ ಶಾಟ್‌ನ ಅಂಕಿಯನ್ನೇ ಮತ್ತೆ ತೋರಿಸಿ.
5. ಎರಡು ನಿಮಿಷದ ನಂತರ ಪರದೆ ಆರಿಸಿ. ಓಎಲ್‌ಇಡಿಯಲ್ಲಿ ಒಂದೇ ಅಂಕಿ ಬಹುಕಾಲ ಉರಿದರೆ ಅದರ ಅಚ್ಚು ಉಳಿದುಬಿಡುತ್ತದೆ.

ಮೂರನೇ ಹಂತದಲ್ಲಿ ಒಂದು ಕಳ್ಳ ದೋಷ ಅಡಗಿದೆ. ಈಗಿನ ಸಮಯವನ್ನು ಮೊದಲು ಓದಿ, ಕೊನೆಯ ಪಲ್ಸ್‌ನ ಸಮಯವನ್ನು ಆಮೇಲೆ ಓದಿದರೆ, ಆ ಎರಡರ ನಡುವೆ ಹೊಸ ಪಲ್ಸ್ ಬರಬಹುದು. ಆಗ ಕಳೆದಾಗ ಋಣಸಂಖ್ಯೆ ಬರಬೇಕು. ಅನ್‌ಸೈನ್ಡ್ (ಋಣ ಚಿಹ್ನೆಯಿಲ್ಲದ) ಸಂಖ್ಯೆ ಆದ್ದರಿಂದ ದೈತ್ಯ ಸಂಖ್ಯೆಯಾಗಿ, ಟೈಮರ್ ನಡುವೆಯೇ ನಿಲ್ಲುತ್ತದೆ. ಅಪರೂಪಕ್ಕೊಮ್ಮೆ ಆಗುವುದರಿಂದ ಜನ ಸೋಲ್ಡರನ್ನು ಶಂಕಿಸುತ್ತಾ ಕೂರುತ್ತಾರೆ. ಕೊನೆಯ ಪಲ್ಸನ್ನು ಮೊದಲು ಓದಿ, ಈಗಿನ ಸಮಯವನ್ನು ಆಮೇಲೆ. ನ್ಯಾನೊ 8 ಬಿಟ್ಟಿನದು, ಹಾಗಾಗಿ ಅಲ್ಲಿ ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ.

ಅಂಕಿ ಬರೆಯಲು ಯು8ಜಿ2 ಲೈಬ್ರರಿ ಸಾಕು, ಡಿಸ್‌ಪ್ಲೇ ವಿಳಾಸ ಸಾಮಾನ್ಯವಾಗಿ 0ಎಕ್ಸ್3ಸಿ. ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸುವ ಗೋಜು ಬೇಡ. ದಪ್ಪ ಎರಡಂಕಿ ಹಾಲು ನೊರೆಸುತ್ತಿರುವಾಗಲೂ ಕಣ್ಣಿಗೆ ಬೀಳುತ್ತದೆ. ವೈಫೈ ಬೇಕಿಲ್ಲದಿದ್ದರೆ ಆರಿಸಿ.

ಸರಿ ಓದುತ್ತಿದೆಯೇ

ಮೊದಲ ದಿನ ಪರದೆಯ ಮೂಲೆಯಲ್ಲಿ ಪಲ್ಸ್ ಎಣಿಕೆಯೂ ಕಾಣಲಿ. ಖಾಲಿ ಪೋರ್ಟಾಫಿಲ್ಟರ್ (ಪುಡಿ ತುಂಬುವ ಹಿಡಿಕೆ) ಹಾಕಿ 30 ಸೆಕೆಂಡ್ ಓಡಿಸಿದರೆ 1,500ರ ಹತ್ತಿರ ಬರಬೇಕು. 3,000 ಬಂದರೆ ಪುಟಿತ ಎಣಿಕೆಯಾಗುತ್ತಿದೆ, 5 ಮಿಲಿಸೆಕೆಂಡಿನ ತಡೆಯನ್ನು 12ಕ್ಕೆ ಏರಿಸಿ. 900, 1,100 ಎಂದು ಓಲಾಡಿದರೆ ರೀಡ್ ಕ್ಷೇತ್ರದ ಅಂಚಿನಲ್ಲಿದೆ, ಅರ್ಧ ಸೆಂಟಿಮೀಟರ್ ಸರಿಸಿ. ಅಮೆರಿಕದಲ್ಲಿರುವವರಿಗೆ 60 ಹರ್ಟ್ಸ್, ಅಂದರೆ 1,800. ಪ್ರೋಗ್ರಾಮಿನಲ್ಲಿ ಏನೂ ಬದಲಿಸಬೇಕಿಲ್ಲ.

ಕೆಡುವುದು ಎಲ್ಲೆಲ್ಲಿ

ಟೈಮರ್ ಏಳುವುದೇ ಇಲ್ಲವೆಂದರೆ ಡಿಸ್‌ಪ್ಲೇಯನ್ನು ಮಷಿನ್‌ಗೆ ಯಾವುದರಿಂದ ಅಂಟಿಸಿದ್ದೀರಿ ನೋಡಿ. ನಿಯೋಡಿಮಿಯಂ ಮ್ಯಾಗ್ನೆಟ್ ಆಗಿದ್ದು ರೀಡಿನ ಸಮೀಪವಿದ್ದರೆ, ರೀಡ್ ಸದಾ ಮುಚ್ಚಿಕೊಂಡೇ ಇರುತ್ತದೆ, ಪಲ್ಸ್ ಎಲ್ಲಿಂದ ಬರಬೇಕು? ಡಬಲ್ ಸೈಡ್ ಟೇಪ್ ವಾಸಿ.

ಸ್ವಿಚ್ ಆಫ್ ಮಾಡಿದ ಕ್ಷಣಕ್ಕೆ ಪರದೆ ಹೆಪ್ಪುಗಟ್ಟುವುದು ಇನ್ನೊಂದು ದೂರು. ಮೂರು ದಾರಿಯ ಸೊಲೆನಾಯ್ಡ್ (ವಿದ್ಯುತ್ ಸುರುಳಿಯಿಂದ ನಡೆಯುವ) ವಾಲ್ವಿನ ಕರೆಂಟ್ ಕಡಿದಾಗ ಹುಟ್ಟುವ ವೋಲ್ಟೇಜ್ ಏಟು ಐ2ಸಿ ವೈರಿಗೆ ತಗುಲಿ ಸಂವಹನ ಕೆಡುತ್ತದೆ. ಡಿಸ್‌ಪ್ಲೇ ವೈರ್ 20 ಸೆಂ.ಮೀ. ಒಳಗಿರಲಿ, ಮಷಿನ್‌ನ ಪವರ್ ಕಾರ್ಡ್ ಜೊತೆ ಸುತ್ತಬೇಡಿ, ರೀಡಿನ ಎರಡು ವೈರನ್ನು ಒಂದಕ್ಕೊಂದು ಹೊಸೆಯಿರಿ, ಚಾರ್ಜರನ್ನು ಬೇರೆ ಸಾಕೆಟ್ಟಿಗೆ ಹಾಕಿ.

ಕೆಲವು ಮಷಿನ್‌ಗಳು ಪುಡಿಯನ್ನು ನೆನೆಸಲು ಪಂಪನ್ನು ಶುರುವಿನಲ್ಲಿ ಒಂದೆರಡು ಸೆಕೆಂಡ್ ಓಡಿಸಿ ನಿಲ್ಲಿಸುತ್ತವೆ. ಅಲ್ಲಿ ನಿಂತಿದೆ ಎಂದು ತೀರ್ಮಾನಿಸುವ ಅವಧಿಯನ್ನು ಆ ವಿರಾಮಕ್ಕಿಂತ ಒಂದು ಸೆಕೆಂಡ್ ಹೆಚ್ಚಿಡಿ. ಬಾಯ್ಲರ್ ಬದಲು ಬಿಸಿ ಲೋಹದ ಗಟ್ಟಿಯಲ್ಲಿ ನೀರು ಕಾಯಿಸುವ ಥರ್ಮೋಬ್ಲಾಕ್ ಮಷಿನ್‌ಗಳು ಹಬೆ ಕೊಡುವಾಗಲೂ ಪಂಪನ್ನು ಬಿಟ್ಟುಬಿಟ್ಟು ಮಿಡಿಸುತ್ತವೆ. ಆಗ ಟೈಮರ್ ಸುಮ್ಮನೆ ಎದ್ದರೆ ತಲೆಕೆಡಿಸಿಕೊಳ್ಳಬೇಡಿ, ನಾಲ್ಕನೇ ಹಂತ ಅದನ್ನು ಹೆಚ್ಚಿನ ಸಲ ಅಳಿಸುತ್ತದೆ.

ಟೈಮರ್ ಸರಿಯಿದ್ದೂ ಅಂಕಿ ಉಪಯೋಗಕ್ಕೆ ಬಾರದ ಸಂದರ್ಭವೂ ಉಂಟು. ಎರಡು ಗೋಡೆಯ ಪ್ರೆಷರೈಸ್ಡ್ ಬಾಸ್ಕೆಟ್‌ನಲ್ಲಿ ಹರಿವನ್ನು ಹಿಡಿದಿಡುವುದು ತಳದ ಒಂದು ಸಣ್ಣ ತೂತು, ಪುಡಿಯ ನುಣುಪಲ್ಲ. ಅದನ್ನು ನೋಡಿ ಗ್ರೈಂಡರ್ ತಿರುಗಿಸಿ ಪ್ರಯೋಜನವಿಲ್ಲ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಗೂ 25-30ರ ಲೆಕ್ಕ ಹೊಂದುವುದಿಲ್ಲ, ಅದು ಡಿಕಾಕ್ಷನ್‌ಗೇ ಇರಲಿ. ಇನ್ನು ಈ ಟೈಮರ್ ಎಣಿಸುವುದು ಪಂಪ್ ಶುರುವಾದಾಗಿನಿಂದ, ಮೊದಲ ಹನಿ ಬಿದ್ದಾಗಿನಿಂದಲ್ಲ. ಎರಡಕ್ಕೂ ಐದಾರು ಸೆಕೆಂಡಿನ ಅಂತರ ಸಾಮಾನ್ಯ. ಬೇರೆಯವರ ರೆಸಿಪಿ ಅನುಸರಿಸುವಾಗ ಅವರು ಎಲ್ಲಿಂದ ಎಣಿಸಿದ್ದಾರೆ ನೋಡಿಕೊಳ್ಳಿ.

ಬೇರೆ ಬಗೆಯ ಮಷಿನ್ ಇದ್ದರೆ

ಹೀಟ್ ಎಕ್ಸ್‌ಚೇಂಜರ್ ಮತ್ತು ಡಬಲ್ ಬಾಯ್ಲರ್ ಮಷಿನ್‌ಗಳಲ್ಲಿ ಹಬೆಯ ಬಾಯ್ಲರಿಗೆ ನೀರು ತುಂಬಲೂ ಪಂಪ್ ಓಡುತ್ತದೆ, ಹಾಗಾಗಿ ಪಂಪನ್ನು ನಂಬಿದರೆ ಸುಳ್ಳು ಶಾಟ್‌ಗಳು ಬರುತ್ತವೆ. ಗ್ರೂಪಿಗೆ ಸೊಲೆನಾಯ್ಡ್ ವಾಲ್ವ್ ಇದ್ದರೆ ರೀಡನ್ನು ಅದರ ಸುರುಳಿಗೆ ಕಟ್ಟಿ. ಶಾಟ್ ಎಳೆಯುವಾಗ ಮಾತ್ರ ಅದಕ್ಕೆ ಕರೆಂಟ್ ಹೋಗುತ್ತದೆ. ಅದು ಪೂರ್ತಿ ಅಲೆಯ ಸುರುಳಿಯಾದರೆ ಸೆಕೆಂಡಿಗೆ 100 ಪಲ್ಸ್ ಬರುತ್ತವೆ, ಆಗ ತಡೆ 5 ಮಿಲಿಸೆಕೆಂಡೇ ಇರಲಿ, 12ಕ್ಕೆ ಏರಿಸಬೇಡಿ. ಆ ಜಾಗ ಪಂಪಿಗಿಂತ ಬಹಳ ಬಿಸಿ, ಟೇಪ್ ಎರಡು ಸುತ್ತು ಹೆಚ್ಚು ಬೇಕು.

ಇ61 ಗ್ರೂಪಿನ ಮಷಿನ್‌ಗಳಲ್ಲಿ ಆ ವಾಲ್ವೂ ಇರುವುದಿಲ್ಲ, ಎಲ್ಲವನ್ನೂ ಲಿವರ್ ಮಾಡುತ್ತದೆ. ಇದು ಎಲ್ಲಕ್ಕಿಂತ ಸುಲಭ: ಲಿವರಿಗೊಂದು ಪುಟ್ಟ ಮ್ಯಾಗ್ನೆಟ್, ಲಿವರ್ ಎತ್ತಿದಾಗ ಅದು ಬಂದು ನಿಲ್ಲುವ ಜಾಗದ ಹಿಂದೆ ರೀಡ್. ಪಲ್ಸ್ ಎಣಿಸುವ ಪ್ರಶ್ನೆಯೇ ಇಲ್ಲ, ಮುಚ್ಚಿದ್ದರೆ ಓಟ, ತೆರೆದರೆ ನಿಲುಗಡೆ. ಗ್ರೂಪಿನ ಹಿತ್ತಾಳೆ ಸದಾ ಕಾದಿರುವುದರಿಂದ ಮ್ಯಾಗ್ನೆಟ್ಟನ್ನು ಹಿಡಿಕೆಯ ತುದಿಯ ಕಡೆಗೆ ಇಡಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಕಾಂತ ಕಳೆದುಕೊಳ್ಳಲು ಶುರುಮಾಡುತ್ತದೆ.